ಎಳ್ಳಮಾವಾಸ್ಯೆಯ ಒಂದು ಗಡಿಗೆ, ಹತ್ತು ಬಗೆಯ ಹೊಟ್ಟೆ

ಮಾರ್ಗಶಿರ ಮುಗಿದು ಎಳ್ಳಮಾವಾಸ್ಯೆ ಬಂತೆಂದರೆ ಮನ್ನಾಏಖೇಳ್ಳಿಯ ಸುತ್ತಲಿನ ಊರುಗಳೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತವೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಭೂಮಿತಾಯಿ ಉಂಡ ಮೇಲೆ ಮನುಷ್ಯರ ಪಂಕ್ತಿ. ಅಮೆರಿಕದವರು ನವೆಂಬರಿನ ನಾಲ್ಕನೇ ಗುರುವಾರ ಸುಗ್ಗಿಯ ಕೃತಜ್ಞತೆಗೆಂದು ಕೂಡಿ ಉಣ್ಣುತ್ತಾರಲ್ಲ, ಅದರ ನಮ್ಮ ಕಡೆಯ ರೂಪ ಇದು ಎನ್ನಬಹುದು. ಅಲ್ಲಿಯ ಅಡುಗೆಮನೆಯ ತಲೆನೋವು ಈಗ ಇಲ್ಲಿಗೂ ಬಂದಿದೆ. ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಒಂದು ಕಡೆ ಹೈದರಾಬಾದಿನಿಂದ, ಇನ್ನೊಂದು ಕಡೆ ಪುಣೆಯಿಂದ ಬೀಗರು ಬಂದು ಸೇರುತ್ತಾರೆ. ಒಬ್ಬರಿಗೆ ಶುಗರ್, ಒಬ್ಬರಿಗೆ ಗೋಧಿ ಆಗದು, ಒಂದು ಕೂಸಿಗೆ ಶೇಂಗಾ ಮುಟ್ಟಿಸುವಂತಿಲ್ಲ, ಮತ್ತೊಬ್ಬರು ಬಳ್ಳುಳ್ಳಿ ತಿನ್ನರು, ಕಾಲೇಜಿಗೆ ಹೋಗುವ ಹುಡುಗಿ ಹಾಲು ಮೊಸರನ್ನೇ ಬಿಟ್ಟಿದ್ದಾಳೆ. ಇಷ್ಟು ಕೇಳಿದ ಮನೆಯಾಕೆ ಒಬ್ಬೊಬ್ಬರಿಗೂ ಬೇರೆ ಗಡಿಗೆ ಇಡಬೇಕೆಂದು ಕಂಗಾಲಾಗುತ್ತಾಳೆ. ಮನೆಯ ಹಿರಿಯರೋ, ಹೊಲದ ಊಟ ಯಾರಿಗೂ ಏನೂ ಮಾಡುವುದಿಲ್ಲ, ಎಲ್ಲರಿಗೂ ಎಲ್ಲವನ್ನೂ ಬಡಿಸು ಎನ್ನುತ್ತಾರೆ. ಎರಡೂ ತಪ್ಪು ಕಲ್ಪನೆಗಳೇ. ಎರಡನೆಯದು ಹೆಚ್ಚು ಅಪಾಯದ್ದು.

ಮೊದಲನೆಯದು ತಪ್ಪೆಂದು ತಿಳಿಯಲು ಆ ಊಟದ ರಚನೆಯನ್ನು ನೋಡಿದರೆ ಸಾಕು. ಇಲ್ಲಿ ಭಜ್ಜಿ ಎಂದರೆ ಬೆಂಗಳೂರಿನವರು ಎಣ್ಣೆಯಲ್ಲಿ ಕರಿಯುವ ಮೆಣಸಿನಕಾಯಿ ಬಜ್ಜಿಯಲ್ಲ. ಹಸಿ ತೊಗರಿ, ಕಡಲೆ, ಬಟಾಣಿ, ಅವರೆ, ಮೆಂತ್ಯೆ, ಬದನೆ, ಗಜ್ಜರಿ ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟು ಕೂಡಿಸಿ ಕುದಿಸಿದ ಗಟ್ಟಿ ಪಲ್ಯ. ಅದರ ಜೊತೆ ಸಜ್ಜಿ ರೊಟ್ಟಿ, ಕಡುಬು, ಅಂಬಲಿ, ಹೋಳಿಗೆ, ಶೇಂಗಾ ಹಿಂಡಿ. ಈ ಎಲೆಯ ತಳಪಾಯ ಕಾಳು, ಸೊಪ್ಪು ಮತ್ತು ಸಿರಿಧಾನ್ಯ. ಇವುಗಳ ಬಗ್ಗೆ ತಕರಾರು ತೆಗೆಯುವ ಪಥ್ಯ ಬಹಳ ಕಡಿಮೆ. ತಕರಾರು ಇರುವುದು ಕೊನೆಗೆ ಸೇರುವ ಒಗ್ಗರಣೆ, ತುಪ್ಪ, ಶೇಂಗಾ ಪುಡಿ, ಬೆಲ್ಲಗಳಲ್ಲಿ. ಅಂದಮೇಲೆ ಹತ್ತು ಅಡುಗೆ ಬೇಕಿಲ್ಲ. ಒಗ್ಗರಣೆ ಬೀಳುವ ಮೊದಲು ಒಂದು ಪಾತ್ರೆಗೆ ಭಜ್ಜಿ ತೆಗೆದಿಟ್ಟರೆ ಬಳ್ಳುಳ್ಳಿ ಬಿಟ್ಟವರ ಪಾಲು ಅಲ್ಲಿಗೆ ಮುಗಿಯಿತು.

ಗೋಧಿಯ ವಿಷಯ ಹೀಗೆ ಒಂದು ಮಾತಿನಲ್ಲಿ ಮುಗಿಯದು. ಜೋಳ ಸಜ್ಜೆಗಳಲ್ಲಿ ಗ್ಲುಟೆನ್ ಇಲ್ಲವೆಂಬುದು ನಿಜ. ಆದ್ದರಿಂದ ಸೀಲಿಯಾಕ್ ಕಾಯಿಲೆಯವರಿಗೆ ಈ ಹಬ್ಬ ತನ್ನಷ್ಟಕ್ಕೇ ಸುರಕ್ಷಿತ ಎಂದು ಭಾವಿಸುವುದು ಸಹಜ. ಆದರೆ ಅದೇ ಗಿರಣಿಯಲ್ಲಿ, ಅದೇ ಕಲ್ಲಿನಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಗೋಧಿ ಬೀಸಿರುತ್ತಾರೆ. ಉಳಿದವರಿಗೆ ಅದು ಲೆಕ್ಕಕ್ಕಿಲ್ಲ, ಈ ಕಾಯಿಲೆ ಇದ್ದವರ ಕರುಳಿಗೆ ಅಷ್ಟೇ ಸಾಕು. ಹೋಳಿಗೆಯ ಕಣಕ ಗೋಧಿಯದೆಂದು ಎಲ್ಲರಿಗೂ ಗೊತ್ತು. ಅಂಗಡಿಯ ಹಿಂಗಿನ ಪುಡಿಗೆ ಬಹಳ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆಂದು ಯಾರೂ ಡಬ್ಬಿ ತಿರುಗಿಸಿ ನೋಡುವುದಿಲ್ಲ.

ಶುಗರ್ ಇದ್ದವರ ಸುತ್ತ ನಂಬಿಕೆಗಳು ಇನ್ನೂ ಸಿಹಿಯಾಗಿವೆ. ಸಕ್ಕರೆ ಬೇಡ, ಬೆಲ್ಲ ನಡೆಯುತ್ತದೆ ಎಂಬುದು ಎಲ್ಲ ಕಡೆ ಕೇಳುವ ಮಾತು. ಬೆಲ್ಲದ ಬಹುಭಾಗ ಸುಕ್ರೋಸ್, ಅಂದರೆ ಸಕ್ಕರೆಯೇ. ಅದರಲ್ಲಿರುವ ಚೂರುಪಾರು ಖನಿಜ ರಕ್ತದ ಗ್ಲೂಕೋಸನ್ನು ತಡೆಹಿಡಿಯುವುದಿಲ್ಲ. ರೊಟ್ಟಿ ಎಷ್ಟಾದರೂ ತಿನ್ನಬಹುದು ಎನ್ನುವುದೂ ಹಾಗೆಯೇ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಕಾರ್ಬೋಹೈಡ್ರೇಟ್ 70 ಗ್ರಾಮಿನ ಆಸುಪಾಸು ಇರುತ್ತದೆ, ಗೋಧಿ ಹಿಟ್ಟಿಗಿಂತ ಕಡಿಮೆಯೇನಲ್ಲ. ಇವರ ಎಲೆಯಲ್ಲಿ ನಿಜವಾಗಿ ನೆರವಿಗೆ ಬರುವುದು ಭಜ್ಜಿಯ ಕಾಳುಗಳ ನಾರು ಮತ್ತು ಪ್ರೋಟೀನ್. ಭಜ್ಜಿ ಹೆಚ್ಚು, ರೊಟ್ಟಿ ಒಂದು, ಹೋಳಿಗೆ ಅರ್ಧ ಎಂದರೆ ಯಾರಿಗೂ ಅವಮಾನವಾಗದು. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಚರಗ ಮುಗಿಯುವವರೆಗೆ ಹಸಿದ ಹೊಟ್ಟೆಯಲ್ಲಿ ಕೂರಿಸುವುದು ಮಾತ್ರ ಅಪಾಯ. ಸಕ್ಕರೆ ಮಟ್ಟ ಕುಸಿದು ತಲೆತಿರುಗಿ ಬೀಳಬಹುದು.

ಶೇಂಗಾದ ಮಾತಿಗೆ ಎಲ್ಲಕ್ಕಿಂತ ಹೆಚ್ಚು ವಿರೋಧ ಬರುತ್ತದೆ. ನಮ್ಮ ಮಕ್ಕಳು ಹೊಲದಲ್ಲೇ ಶೇಂಗಾ ಸುಟ್ಟು ತಿಂದು ಬೆಳೆದವರು, ಅಲರ್ಜಿ ಎಂಬುದು ಪೇಟೆಯವರ ಸೊಕ್ಕು ಎನ್ನುವವರಿದ್ದಾರೆ. ಈ ಮಾತಿನಲ್ಲಿ ಒಂದು ಕಾಳಿನಷ್ಟು ಸತ್ಯವಿದೆ. 2015ರಲ್ಲಿ ಪ್ರಕಟವಾದ ಲೀಪ್ ಎಂಬ ಬ್ರಿಟನ್ನಿನ ಅಧ್ಯಯನ, ಅಲರ್ಜಿಯ ಸಂಭವ ಹೆಚ್ಚಿದ್ದ 640 ಹಸುಳೆಗಳನ್ನು ನಾಲ್ಕರಿಂದ ಹನ್ನೊಂದು ತಿಂಗಳ ವಯಸ್ಸಿನಲ್ಲೇ ಆಯ್ದು, ಅರ್ಧದಷ್ಟು ಮಕ್ಕಳಿಗೆ ಶೇಂಗಾ ತಿನಿಸುತ್ತ, ಉಳಿದವರಿಗೆ ಕೊಡದೆ ಐದು ವರ್ಷದವರೆಗೆ ನೋಡಿತು. ತಿಂದವರಲ್ಲಿ ಅಲರ್ಜಿ ಸುಮಾರು ಶೇಕಡಾ 80ರಷ್ಟು ಕಡಿಮೆಯಾಗಿತ್ತು. ಆದರೆ ಅದು ಅಲರ್ಜಿ ಬಾರದಂತೆ ತಡೆಯುವ ಕತೆ. ಆಗಲೇ ಅಲರ್ಜಿ ಇರುವ ಕೂಸಿಗೆ, ರೂಢಿಯಾಗಲಿ ಎಂದು ಅಜ್ಜಿ ಚಿಟಿಕೆ ಹಿಂಡಿ ನೆಕ್ಕಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಚಿಟಿಕೆಯಲ್ಲೇ ಉಸಿರು ಕಟ್ಟಬಹುದು. ಭಜ್ಜಿಯಿಂದ ಶೇಂಗಾ ಕಾಳು ಆರಿಸಿ ತೆಗೆದು ಬಡಿಸಿದರಾಯಿತು ಎನ್ನುವುದೂ ಸುಳ್ಳು, ಅದರ ಪ್ರೋಟೀನ್ ರಸಕ್ಕೆ ಇಳಿದಿರುತ್ತದೆ, ಕುದಿಸಿದರೂ ಹೋಗುವುದಿಲ್ಲ. ಅಂಥ ಅತಿಥಿ ಇದ್ದರೆ ಗಡಿಗೆಗೇ ಶೇಂಗಾ ಹಾಕದೆ, ಹಿಂಡಿಯ ಡಬ್ಬಿಯನ್ನು ಬೇರೆ ಚಮಚದೊಂದಿಗೆ ದೂರದಲ್ಲಿಡಬೇಕು. ಹಬ್ಬದ ಹೆಸರಿನಲ್ಲೇ ಇರುವ ಎಳ್ಳನ್ನೂ ಕೇಳಿ ನೋಡಬೇಕು: ಅಮೆರಿಕದಲ್ಲಿ 2023ರ ಜನವರಿಯಿಂದ ಪೊಟ್ಟಣದ ಮೇಲೆ ನಮೂದಿಸಲೇಬೇಕಾದ ಒಂಬತ್ತನೇ ಅಲರ್ಜಿಕಾರಕ ಎಳ್ಳು.

ಹಾಲಿನ ವಿಷಯದಲ್ಲಿ ಎರಡು ಬೇರೆ ತೊಂದರೆಗಳನ್ನು ಜನ ಒಂದೇ ಎಂದುಕೊಂಡಿದ್ದಾರೆ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ಲ್ಯಾಕ್ಟೋಸ್ ಜೀರ್ಣವಾಗುವುದಿಲ್ಲ. ಹುಳಿ ಬಂದ ಮಜ್ಜಿಗೆಯಲ್ಲಿ ಅದು ಒಂದಿಷ್ಟು ಕರಗಿರುವುದರಿಂದ ಅವರಲ್ಲಿ ಹಲವರಿಗೆ ಮಜ್ಜಿಗೆಯ ಅಂಬಲಿ ಒಗ್ಗುತ್ತದೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇದ್ದವರಿಗೆ ಅದೇ ಅಂಬಲಿ ಸಲ್ಲದು.

ಇಷ್ಟಾದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ: ಭೂಮಿತಾಯಿಗೆ ಎಡೆ ಇಡುವ ಅಡುಗೆ ಹಿರಿಯರ ಕಾಲದಿಂದ ಬಂದದ್ದು, ಬೀಗರ ಹೊಟ್ಟೆಗಾಗಿ ಅದನ್ನು ಬದಲಿಸಬಹುದೇ? ಇದಕ್ಕೆ ಉತ್ತರ ಹತ್ತಿರದಲ್ಲೇ, ಬಸವಕಲ್ಯಾಣದಲ್ಲಿದೆ. ಅಲ್ಲಿಂದ ಆಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅಡುಗೆಗೇ ಒಂದು ಭಾಗವಿದೆ. ಖಾರಕ್ಕೆ ಅದರಲ್ಲಿ ಕರಿಮೆಣಸು ಬರುತ್ತದೆ, ಮೆಣಸಿನಕಾಯಿ ಬರುವುದಿಲ್ಲ, ಶೇಂಗಾ ಕೂಡ ಬರುವುದಿಲ್ಲ. ಬರಲು ಸಾಧ್ಯವೂ ಇರಲಿಲ್ಲ, ಎರಡೂ ಅಮೆರಿಕ ಖಂಡದ ಗಿಡಗಳು; ಹದಿನಾರನೇ ಶತಮಾನದಿಂದೀಚೆಗೆ ಹಡಗು ಹತ್ತಿ ಬಂದವು. ಭಜ್ಜಿಯ ಗಜ್ಜರಿ, ಬದನೆ, ಬಟಾಣಿಗಳೂ ಆ ವರ್ಷ ಹೊಲದಲ್ಲಿ, ಸಂತೆಯಲ್ಲಿ ಸಿಕ್ಕಂತೆ ಮನೆಯಿಂದ ಮನೆಗೆ ಬದಲಾಗುತ್ತವೆ. ಹೊರಗಿನಿಂದ ಬಂದ ಶೇಂಗಾಕ್ಕೆ ಜಾಗ ಕೊಟ್ಟ ಗಡಿಗೆಯಿಂದ ಒಂದು ವರ್ಷ ಅದನ್ನು ಹೊರಗಿಟ್ಟರೆ ಯಾವ ಪಾಂಡವರೂ ಮುನಿಯುವುದಿಲ್ಲ.

ಹಬ್ಬಕ್ಕೆ ವಾರದ ಮುಂಚೆ ಕರೆಯುವಾಗಲೇ, ನಿಮಗೆ ಏನು ಆಗದು ಎಂದು ಬೀಗರನ್ನು ಕೇಳಿಡಬೇಕು. ಹೊಲದಲ್ಲಿ ಎಲೆ ಹಾಕಿದ ಮೇಲೆ ಕೇಳಿದರೆ ಸಂಕೋಚಕ್ಕೆ ಎಲ್ಲವೂ ನಡೆಯುತ್ತದೆ ಎನ್ನುತ್ತಾರೆ. ಗೋಧಿ ಆಗದವರ ಜೋಳವನ್ನು ಗಿರಣಿಗೆ ಕಳಿಸದೆ, ಮನೆಯ ಮಿಕ್ಸರನ್ನು ಚೆನ್ನಾಗಿ ತೊಳೆದು ಅದರಲ್ಲೇ ಬೀಸಿ, ಅವರ ಎರಡು ರೊಟ್ಟಿಯನ್ನು ತೊಳೆದ ಹಂಚಿನ ಮೇಲೆ ಎಲ್ಲರಿಗಿಂತ ಮೊದಲು ಬೇಯಿಸಿ, ಬೇರೆ ಬಟ್ಟೆಯಲ್ಲಿ ಕಟ್ಟಿಡಬಹುದು.