ರೋಟಾ ಲಸಿಕೆ ಬಾಯಿಗೇ ಏಕೆ?

ಪ್ರಶ್ನೆ: ರೋಟಾ ಲಸಿಕೆಗೆ ಸೂಜಿ ಏಕಿಲ್ಲ? ಬೆಂಗಳೂರಿಗೂ ಅದಕ್ಕೂ ನಂಟಿದೆಯಂತೆ, ನಿಜವೇ?
– ಓದುಗರು, ವಿಜಯನಗರ

ಉತ್ತರ: ಮಕ್ಕಳಿಗೆ ಭೇದಿ ತರುವ ರೋಟಾ ವೈರಸ್ ಬೆಳೆಯುವುದು ಸಣ್ಣ ಕರುಳಿನ ಒಳಪದರದಲ್ಲಿ. ಕಾವಲೂ ಅಲ್ಲೇ ಬೇಕಲ್ಲ! ಅದಕ್ಕೇ ಬಲ ಕುಂದಿದ ಜೀವಂತ ವೈರಸ್ಸನ್ನು ಬಾಯಿಗೆ ಹಾಕುತ್ತಾರೆ. ಮಗುವನ್ನು ತೊಡೆಯ ಮೇಲೆ ಒರಗಿಸಿ, ಕೆನ್ನೆಯ ಒಳಬದಿಗೆ ನಿಧಾನವಾಗಿ.

ನಂಟು ನಿಜ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಇಲ್ಲಿನ ನವಜಾತ ಶಿಶುಗಳಲ್ಲಿ, ಭೇದಿಯನ್ನೇ ತರದ ಐ321 ಎಂಬ ತಳಿಯನ್ನು ಗುರುತಿಸಿದರು. ಅದನ್ನೂ ದೆಹಲಿಯ 116ಇ ತಳಿಯನ್ನೂ ಲಸಿಕೆಗಾಗಿ ಪರೀಕ್ಷಿಸಲಾಯಿತು. ಹೆಚ್ಚು ಪ್ರತಿರೋಧ ಪ್ರತಿಕ್ರಿಯೆ ಹುಟ್ಟಿಸಿದ ದೆಹಲಿಯದೇ ರೋಟಾವ್ಯಾಕ್ ಲಸಿಕೆ ಆಯಿತು. ಆದರೂ ನಮ್ಮೂರ ಕೂಸುಗಳ ಪಾಲನ್ನು ಮರೆಯಲಾರೆ.

6, 10, 14ನೇ ವಾರಗಳಲ್ಲಿ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರೋಟಾ ಲಸಿಕೆ ಉಚಿತ. ಆದರೆ ಬೇರೆ ರೋಗಾಣುಗಳಿಂದಲೂ ಭೇದಿಯಾಗುತ್ತದೆ; ಹಾಗಾಗಿ ಲಸಿಕೆ ಹಾಕಿಸಿದ್ದರೂ ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ.