ಕೈಯ ಪರದೆ, ಪಡಸಾಲೆಯ ಪರದೆ

1980ರ ದಶಕದ ಯಲಹಂಕವನ್ನು ಬಲ್ಲ ಶ್ರೋತೃಗಳಿಗೆ ಒಂದು ದೃಶ್ಯ ನೆನಪಿರಬೇಕು. ಸಂಜೆಯ ಹೊತ್ತಿಗೆ ಮನೆಯ ತಾರಸಿಯ ಮೇಲೆ ಹುಡುಗನೊಬ್ಬ ಆಂಟೆನಾದ ಕಂಬವನ್ನು ಹಿಡಿದು ಮೆಲ್ಲಗೆ ತಿರುಗಿಸುತ್ತಿರುತ್ತಾನೆ. ಕೆಳಗಿನಿಂದ ಯಾರೋ ‘ಬಂತು, ಬಂತು, ಅಯ್ಯೋ ಹೋಯಿತು’ ಎಂದು ಕೂಗುತ್ತಿರುತ್ತಾರೆ. ಜಯಚಾಮರಾಜ ನಗರದ ದೂರದರ್ಶನ ಗೋಪುರದ ಕಡೆಗೆ ಆಂಟೆನಾದ ಮುಖ ಸರಿಯಾಗಿ ತಿರುಗಿದರೆ ಚಿತ್ರ, ಇಲ್ಲದಿದ್ದರೆ ಬರಿಯ ಮಂಜು. ಇಂದು ಚಿತ್ರವು ಅಷ್ಟು ದೂರದಿಂದ ಬರಬೇಕಾಗಿಲ್ಲ. ಎದುರಿಗೆ ಕುಳಿತವರ ಅಂಗೈಯಲ್ಲೇ ಇರುತ್ತದೆ. ಅಂಗೈಯಿಂದ ಗೋಡೆಗೆ ಹತ್ತು ಅಡಿ. ಆ ಹತ್ತು ಅಡಿಯನ್ನು ದಾಟಿಸುವುದು ಹೇಗೆ ಎಂಬುದೇ ಈ ಹೊತ್ತಿನ ಮಾತು.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಹುಟ್ಟಿದ್ದು ದೊಡ್ಡಮ್ಮನಿಂದ. ಅಮೆರಿಕದಲ್ಲಿ ಅವರ ಮರಿಮಗಳ ನಾಮಕರಣ. ಅದನ್ನು ವಿಡಿಯೋ ಕರೆಯಲ್ಲಿ ನೋಡಲು ಬಂಧುಗಳೆಲ್ಲ ಯಲಹಂಕ ಉಪನಗರದ ನಮ್ಮ ಮನೆಗೆ ಬಂದಿದ್ದರು. ದೊಡ್ಡಮ್ಮನ ಕಣ್ಣಿಗೆ ಮೊಬೈಲಿನ ಚಿತ್ರ ಹತ್ತದು. ‘ಅಷ್ಟು ದೊಡ್ಡ ಟೀವಿ ಇದೆಯಲ್ಲೋ, ಅದರಲ್ಲಿ ಹಾಕಬಾರದೆ?’ ಎಂದರು. ನ್ಯಾಯವಾದ ಮಾತು.

ಮೊದಲು ನಾನು ತಂತಿಯನ್ನು ನಂಬಿದೆ. ಟೆಲಿವಿಷನ್ನಿನ ಬೆನ್ನಿನಲ್ಲಿ ಎಚ್‌ಡಿಎಂಐ ಎಂಬ ಚಪ್ಪಟೆಯಾದ ಕಿಂಡಿಯೊಂದು ಇರುತ್ತದೆ. ಚಿತ್ರ, ಧ್ವನಿ ಎರಡೂ ಒಂದೇ ತಂತಿಯಲ್ಲಿ ಒಳಹೋಗಲೆಂದು 2002ರಲ್ಲಿ ರೂಪುಗೊಂಡ ವ್ಯವಸ್ಥೆ ಅದು. ಮೊಬೈಲಿನ ಚಾರ್ಜಿನ ಕಿಂಡಿಗೂ ಇದಕ್ಕೂ ನಡುವೆ ಸೇತುವೆಯಾಗುವ ಅಡಾಪ್ಟರನ್ನು ಆರ್.ಟಿ. ನಗರದ ಅಂಗಡಿಯೊಂದರಿಂದ ತಂದೆ. ಜೋಡಿಸಿದೆ. ಟೆಲಿವಿಷನ್ ‘ಸಿಗ್ನಲ್ ಇಲ್ಲ’ ಎಂದಿತು. ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಆದರೆ ತಪ್ಪು ಅವನ ಸರಕಿನದಲ್ಲ.

ಲೆಕ್ಕ ಹಾಕಿದರೆ ಕಾರಣ ತಾನೇ ಹೊರಬೀಳುತ್ತದೆ. ಸಾಧಾರಣವಾದ ಟೆಲಿವಿಷನ್ ಚಿತ್ರವೊಂದರಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕಿಗಳು. ಒಂದೊಂದು ಚುಕ್ಕಿಯ ಬಣ್ಣವನ್ನು ಹೇಳಲು 24 ಬಿಟ್ಟುಗಳು ಬೇಕು. ಇಂಥ ಚಿತ್ರಗಳು ಸೆಕೆಂಡಿಗೆ 60ರಂತೆ ಹರಿದರೆ, ಸೆಕೆಂಡೊಂದಕ್ಕೆ ಸುಮಾರು 300 ಕೋಟಿ ಬಿಟ್ಟುಗಳಾದವು. ಆದರೆ ಕಡಿಮೆ ಬೆಲೆಯ ಬಹಳಷ್ಟು ಮೊಬೈಲುಗಳ ಕಿಂಡಿಯ ಹಿಂದಿರುವುದು 2000ನೆಯ ಇಸವಿಯ ಯುಎಸ್‌ಬಿ 2.0 ಎಂಬ ಹಳೆಯ ಮಾರ್ಗ. ಅದರ ಗರಿಷ್ಠ ವೇಗ ಸೆಕೆಂಡಿಗೆ 48 ಕೋಟಿ. ಹೊರಗಿನ ಕಿಂಡಿ ಮಾತ್ರ 2014ರ ಹೊಸ ಟೈಪ್-ಸಿ. ಹೆಬ್ಬಾಗಿಲು ಅರಮನೆಯದು, ಒಳಗೆ ಓಣಿ! ಕಿಂಡಿಯಿಂದ ಚಿತ್ರವನ್ನೂ ಹೊರಕಳಿಸುವ ‘ಡಿಸ್ಪ್ಲೇಪೋರ್ಟ್’ ಎಂಬ ಏರ್ಪಾಡು ಮೊಬೈಲಿನಲ್ಲಿ ಇದ್ದರೆ ಮಾತ್ರ ಸಾಮಾನ್ಯ ಅಡಾಪ್ಟರ್ ಕೆಲಸ ಮಾಡೀತು. ಕಿಂಡಿಯ ಆಕಾರವನ್ನು ನೋಡಿ ಇದನ್ನು ತಿಳಿಯಲಾಗದು. ಮೊಬೈಲಿನ ವಿವರಪಟ್ಟಿಯಲ್ಲಿ ಆ ಹೆಸರನ್ನು ಹುಡುಕಿ ಆಮೇಲೆ ಅಂಗಡಿಗೆ ಹೋಗುವುದು ಲೇಸು. ಟೆಲಿವಿಷನ್ನಿನ ಯುಎಸ್‌ಬಿ ಕಿಂಡಿಗೆ ಚಾರ್ಜಿನ ತಂತಿಯನ್ನು ಸಿಕ್ಕಿಸಿ ಕಾಯುವವರೂ ಉಂಟು. ಅದರಿಂದ ಮೊಬೈಲಿನೊಳಗಿನ ಫೋಟೋಗಳು ಕೆಲವು ಸೆಟ್ಟುಗಳಲ್ಲಿ ಕಂಡಾವು, ಪರದೆ ಕಾಣದು.

ತಂತಿ ಕೈಬಿಟ್ಟ ಮೇಲೆ ಗಾಳಿಯೇ ಗತಿ. ಇಲ್ಲಿ ಎರಡು ದಾರಿಗಳಿವೆ. ಜನ ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ.

ಒಂದು, ಪ್ರತಿಬಿಂಬದ ದಾರಿ. ಮೊಬೈಲಿನ ಪರದೆಯ ಮೇಲೆ ಏನಿದೆಯೋ ಅದು ಇದ್ದಂತೆಯೇ ಟೆಲಿವಿಷನ್ನಿನ ಮೇಲೆ ಮೂಡುತ್ತದೆ. 2012ರಲ್ಲಿ ಬಂದ ಮಿರಾಕಾಸ್ಟ್ ಈ ಬಗೆಯದು. ಮೊಬೈಲು ಆ ಕೋಟಿ ಕೋಟಿ ಬಿಟ್ಟುಗಳನ್ನು ಹಿಂಡಿ, ಕುಗ್ಗಿಸಿ, ವೈ-ಫೈ ಅಲೆಯ ಮೇಲೆ ನೇರವಾಗಿ ಟೆಲಿವಿಷನ್ನಿಗೆ ಕಳಿಸುತ್ತದೆ; ಮನೆಯಲ್ಲಿ ಇಂಟರ್ನೆಟ್ಟು ಇಲ್ಲದಿದ್ದರೂ ನಡೆಯುತ್ತದೆ. ಹಿಂಡಿ ಬಿಡಿಸುವುದರಲ್ಲಿ ಅರೆಗಳಿಗೆ ತಡವಾಗುವುದರಿಂದ ಕೈಯಲ್ಲಿ ನಡೆದದ್ದು ಗೋಡೆಯ ಮೇಲೆ ತುಸು ಹಿಂದೆ ಬೀಳುವುದು. ಇನ್ನೊಂದು, ವಿಳಾಸದ ದಾರಿ. ಇದರಲ್ಲಿ ಮೊಬೈಲು ಚಿತ್ರವನ್ನು ಕಳಿಸುವುದೇ ಇಲ್ಲ. ‘ಇಂಥ ಹಾಡು ಇಂಥಲ್ಲಿದೆ’ ಎಂದು ವಿಳಾಸವನ್ನಷ್ಟೇ ಕೊಟ್ಟು ಸುಮ್ಮನಾಗುತ್ತದೆ. ಟೆಲಿವಿಷನ್ನು ತಾನೇ ಇಂಟರ್ನೆಟ್ಟಿನಿಂದ ಅದನ್ನು ತರಿಸಿಕೊಳ್ಳುತ್ತದೆ. 2013ರ ಕ್ರೋಮ್‌ಕಾಸ್ಟ್ ಇದನ್ನು ಮನೆಮಾತಾಗಿಸಿತು. ಮೊಬೈಲೂ ಟೆಲಿವಿಷನ್ನೂ ಮನೆಯ ಒಂದೇ ವೈ-ಫೈಯಲ್ಲಿರಬೇಕು, ಅಷ್ಟೆ. ಹಾಡು ಗೋಡೆಯ ಮೇಲೆ ನಡೆಯುತ್ತಿರಲು ನೀವು ಮೊಬೈಲಿನಲ್ಲಿ ಹಾಲಿನ ಲೆಕ್ಕ ಬರೆಯಬಹುದು, ಯಾರಿಗೂ ಕಾಣದು.

ವಿಡಿಯೋ ಕರೆಗೆ ನನಗೆ ಒದಗಿದ್ದು ಪ್ರತಿಬಿಂಬದ ದಾರಿ. ಮಗು ಗೋಡೆಯ ಮೇಲೆ ಕಾಣಿಸಿತು. ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ, ನಡುವೆ ತೊಟ್ಟಿಲು. ಮೊಬೈಲನ್ನು ಅಡ್ಡಲಾಗಿ ಹಿಡಿಯುವಂತೆ ಅಲ್ಲಿನವರಿಗೆ ಹೇಳಿದ ಮೇಲೆ ಪರದೆ ತುಂಬಿತು. ದೊಡ್ಡಮ್ಮ ಕೈಮುಗಿದರು. ಆಗಲೇ ಪರದೆಯ ನೆತ್ತಿಯಲ್ಲಿ ಒಂದು ಸಂದೇಶ ಇಳಿಯಿತು. ಮಗನ ಕಾಲೇಜಿನ ಶುಲ್ಕಕ್ಕಾಗಿ ನಾವಿಬ್ಬರು ಯಾರಿಗೂ ಹೇಳದೆ ಒಡವೆ ಅಡವಿಟ್ಟಿದ್ದೆವು. ಸಾಲ ಕೊಟ್ಟವರು ಕನ್ನಡದಲ್ಲೇ ಬರೆಯುತ್ತಾರೆ. ಅಂದು ಒಂದು ದಿನ ಮಾತ್ರ ಅದು ನನಗೆ ಸಂತೋಷವನ್ನು ಕೊಡಲಿಲ್ಲ. ಮೊಬೈಲಿನ ಅಕ್ಷರ ಕಾಣದ ದೊಡ್ಡಮ್ಮ, ಗೋಡೆಯ ಮೇಲೆ ಗೇಣುದ್ದವಾದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದರು: ‘ಚಿನ್ನದ... ಸಾಲದ... ಬಡ್ಡಿ... ಬಾಕಿ...’ ಇಪ್ಪತ್ತು ಜನರ ಮುಂದೆ. ನನ್ನ ಹೆಂಡತಿ ಕಾಫಿಯ ನೆಪದಲ್ಲಿ ಒಳಗೆ ಹೋದಳು.

ಯಂತ್ರದ ಅಪರಾಧ ಇದರಲ್ಲಿಲ್ಲ. ಕೈಯ ಪರದೆ ಒಬ್ಬರಿಗಾಗಿ, ಪಡಸಾಲೆಯ ಪರದೆ ಬಂದವರಿಗೆಲ್ಲ. ಪ್ರತಿಬಿಂಬದ ದಾರಿಯು ಆ ಎರಡರ ನಡುವಿನ ಬಾಗಿಲನ್ನು ಪೂರ್ತಿ ತೆರೆಯುತ್ತದೆ. ಸಂದೇಶ, ಬ್ಯಾಂಕಿನ ಗುಪ್ತಸಂಖ್ಯೆ, ನೀವು ಒತ್ತುವ ಅಕ್ಷರ, ಎಲ್ಲಕ್ಕೂ ಅದೇ ಬಾಗಿಲು. ಮೊದಲು ‘ಡು ನಾಟ್ ಡಿಸ್ಟರ್ಬ್’ ಎಂಬುದನ್ನು ಒತ್ತಿ ಸಂದೇಶಗಳು ತೆರೆಯ ಮೇಲೆ ಇಣುಕದಂತೆ ಮಾಡಿಕೊಂಡು, ಒಂದು ಸಲ ಪರೀಕ್ಷಿಸಿ, ಆಮೇಲೆ ಜೋಡಿಸಬೇಕು. ಹಾಡು, ಹರಿಕಥೆ, ಉಪನ್ಯಾಸಗಳಿಗಾದರೆ ವಿಳಾಸದ ದಾರಿಯೇ ಸಾಕು, ಚಿತ್ರವೂ ಚೆನ್ನಾಗಿರುತ್ತದೆ. ದುಡ್ಡು ಕೊಟ್ಟು ನೋಡುವ ಸಿನಿಮಾಗಳು ಪ್ರತಿಬಿಂಬದಲ್ಲಿ ಕೆಲವೊಮ್ಮೆ ಬರಿಯ ಕಪ್ಪಾಗಿ ಕಾಣುತ್ತವೆ; ಅದು ನಕಲು ತಡೆಯಲು ಇಟ್ಟ ಬೀಗ, ಸೆಟ್ಟು ಕೆಟ್ಟಿತೆಂದು ರಿಪೇರಿಯವರನ್ನು ಕರೆಯಬೇಡಿ.

ದೊಡ್ಡಮ್ಮ ಅಂದು ಏನನ್ನೂ ಕೇಳಲಿಲ್ಲ. ಆದರೆ ಮುಂದಿನ ತಿಂಗಳು ಅದೇ ಮಗುವಿಗೆ ಕಿವಿ ಚುಚ್ಚುವ ದಿನ ಮತ್ತೆ ಬಂದು ಕುಳಿತರು. ಈ ಸಲ ನಾನು ಸಂದೇಶಗಳ ಬಾಯಿ ಕಟ್ಟಿದ್ದೆ. ಎಲ್ಲ ಮುಗಿದು ಪರದೆ ಆರಿದ ಮೇಲೆ ನನ್ನನ್ನು ಹತ್ತಿರ ಕರೆದು, ‘ಈವತ್ತು ಆ ಬಡ್ಡಿಯವರ ಕಾಗದ ಬರಲಿಲ್ಲವಲ್ಲೋ, ತೀರಿಸಿಬಿಟ್ಟೆಯಾ?’ ಎಂದರು.