ನಿಮ್ಮ ಗಾಡಿಯ ಸೈಲೆನ್ಸರ್‌ನಲ್ಲೂ ಪ್ಲಾಟಿನಂ ಬಳಗ ಇದೆ!

ಪ್ಲಾಟಿನಂ ಅಂದ ಕೂಡಲೇ ನಿಮಗೆ ನೆನಪಾಗೋದು ಏನು? ಎಂಗೇಜ್‌ಮೆಂಟ್ ರಿಂಗು, ಜ್ಯುವೆಲರಿ ಶೋರೂಮು, ಜೊತೆಗೊಂದು ಉದ್ದನೆಯ ಬಿಲ್ಲು. ಆದರೆ ಜೀವನದಲ್ಲಿ ಒಮ್ಮೆಯೂ ಪ್ಲಾಟಿನಂ ಕೊಳ್ಳದವರ ಮನೆ ಮುಂದೆಯೂ ಆ ಲೋಹದ ಬಳಗ ನಿಂತಿರುತ್ತೆ. ಎಲ್ಲಿ ಅಂತೀರಾ? ನೀವು ದಿನಾ ಆಫೀಸಿಗೆ ಓಡಿಸುವ ಪೆಟ್ರೋಲ್ ಕಾರು, ಸ್ಕೂಟರು, ಬೈಕಿನ ಹೊಗೆ ಕೊಳವೆಯೊಳಗೆ.

ಅದನ್ನು ಗ್ಯಾರೇಜ್ ಭಾಷೆಯಲ್ಲಿ ‘ಕ್ಯಾಟ್ ಕಾನ್’ ಅಂತಾರೆ. ಪೂರ್ತಿ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಬೈಕ್ ಪ್ರಿಯರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಇದ್ದವರಿಗೆ ಈ ಸಲಹೆಯೂ ಹೊಸದಲ್ಲ: “ಕ್ಯಾಟ್ ಕಾನ್ ತೆಗೆಸಿಬಿಡು ಮಗಾ, ಪಿಕಪ್ ಚೆನ್ನಾಗಿ ಬರುತ್ತೆ, ಸೌಂಡೂ ಸೂಪರ್!” ತೆಗೆಸೋ ಮುಂಚೆ ಅದರೊಳಗೆ ಏನಿದೆ, ಅದು ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ.

ಆರು ಲೋಹಗಳ ಅವಿಭಕ್ತ ಕುಟುಂಬ

ಪ್ಲಾಟಿನಂ ಒಂಟಿಯಲ್ಲ. ಪೆಲೇಡಿಯಂ, ರೋಡಿಯಂ, ರುಥೇನಿಯಂ, ಇರಿಡಿಯಂ, ಆಸ್ಮಿಯಂ ಸೇರಿ ಒಟ್ಟು ಆರು ಲೋಹಗಳ ಕುಟುಂಬ ಇದು. ಭೂಮಿಯಲ್ಲಿ ಸಾಮಾನ್ಯವಾಗಿ ಒಟ್ಟಿಗೇ ಸಿಗುತ್ತವೆ. ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ, ಸುಲಭಕ್ಕೆ ಕರಗುವುದೂ ಇಲ್ಲ. ಪ್ಲಾಟಿನಂ ಕರಗಬೇಕಾದರೆ 1,768 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು.

ದಕ್ಷಿಣ ಅಮೆರಿಕದ ಇಂದಿನ ಕೊಲಂಬಿಯಾದ ನದಿಗಳಲ್ಲಿ ಚಿನ್ನ ಸೋಸುತ್ತಿದ್ದ ಸ್ಪೇನ್ ದೇಶದವರಿಗೆ ಈ ಬಿಳಿ ಕಾಳುಗಳು ದೊಡ್ಡ ತಲೆನೋವಾಗಿದ್ದವು. ಅವಕ್ಕೆ ಅವರಿಟ್ಟ ಹೆಸರು ‘ಪ್ಲಾಟಿನಾ’. ಅಂದರೆ ‘ಚಿಕ್ಕ ಬೆಳ್ಳಿ’. ಅಸಲಿ ಬೆಳ್ಳಿಯಲ್ಲ ಅನ್ನುವ ತಾತ್ಸಾರ ಆ ಹೆಸರಲ್ಲೇ ಇದೆ.

ಬಳಗದ ಉಳಿದವರು ಬೆಳಕಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಇಂಗ್ಲೆಂಡಿನ ವಿಲಿಯಂ ವೊಲಾಸ್ಟನ್ ಮತ್ತು ಸ್ಮಿತ್‌ಸನ್ ಟೆನಂಟ್ ಪಾಲುದಾರಿಕೆಯಲ್ಲಿ ಪ್ಲಾಟಿನಂ ಅದಿರು ಕೊಂಡು ಕಟು ಆಮ್ಲಗಳಲ್ಲಿ ಕರಗಿಸುತ್ತಿದ್ದರು. ಕರಗಿದ್ದರಲ್ಲಿ ವೊಲಾಸ್ಟನ್‌ಗೆ ಪೆಲೇಡಿಯಂ, ರೋಡಿಯಂ ಸಿಕ್ಕವು. ಕರಗದೆ ಉಳಿದ ಕಪ್ಪು ಪುಡಿಯಲ್ಲಿ ಟೆನಂಟ್‌ಗೆ 1803ರಲ್ಲಿ ಆಸ್ಮಿಯಂ, ಇರಿಡಿಯಂ ಸಿಕ್ಕವು. ಕೊನೆಯ ರುಥೇನಿಯಂ ಸಿಕ್ಕಿದ್ದು 1844ರಲ್ಲಿ, ರಷ್ಯಾದ ಕಜಾನ್‌ನಲ್ಲಿ.

ವೊಲಾಸ್ಟನ್ ಮಾಡಿದ ತಮಾಷೆ ಕೇಳಿ. ಪೆಲೇಡಿಯಂ ಕಂಡುಹಿಡಿದದ್ದನ್ನು ಅವರು ಯಾವ ಸಭೆಯಲ್ಲೂ ಹೇಳಲಿಲ್ಲ. 1803ರಲ್ಲಿ ಲಂಡನ್ನಿನ ಅಂಗಡಿಯೊಂದರಲ್ಲಿ ‘ಹೊಸ ಬೆಳ್ಳಿ’ ಅಂತ ಹೆಸರಿಲ್ಲದ ಕರಪತ್ರ ಹಂಚಿ ಮಾರಾಟಕ್ಕಿಟ್ಟರು! ಇದೆಲ್ಲ ಮೋಸ, ಪಾದರಸ ಬೆರೆಸಿದ ಮಿಶ್ರಲೋಹ ಅಂತ ಇನ್ನೊಬ್ಬ ರಸಾಯನ ವಿಜ್ಞಾನಿ ವಾದಿಸಿದ್ದೂ ಆಯ್ತು. ಆಮೇಲೇ ವೊಲಾಸ್ಟನ್ ತಾನೇ ಅದನ್ನು ಕಂಡುಹಿಡಿದವನು ಅಂತ ಒಪ್ಪಿಕೊಂಡದ್ದು.

ಮದುವೆ ದಲ್ಲಾಳಿಯ ಕೆಲಸ

ಈ ಲೋಹಗಳ ಅಸಲಿ ಬೆಲೆ ಇರೋದು ಹೊಳಪಿನಲ್ಲಲ್ಲ, ಮೇಲ್ಮೈಯಲ್ಲಿ. ಹೆಣ್ಣಿನ ಕಡೆಯವರನ್ನೂ ಗಂಡಿನ ಕಡೆಯವರನ್ನೂ ಒಂದೇ ಜಗಲಿ ಮೇಲೆ ಕೂರಿಸಿ, ಮಾತು ಮುಗಿದ ಮೇಲೆ ಮುಂದಿನ ಮನೆಗೆ ಹೊರಡುವ ಮದುವೆ ದಲ್ಲಾಳಿ ಗೊತ್ತಲ್ಲ? ರಸಾಯನಶಾಸ್ತ್ರದಲ್ಲಿ ಅಂಥವರನ್ನು ವೇಗವರ್ಧಕ ಅಂತಾರೆ. ಕ್ರಿಯೆಯನ್ನು ಚುರುಕುಗೊಳಿಸುತ್ತಾರೆ, ತಾವು ಮಾತ್ರ ಖರ್ಚಾಗುವುದಿಲ್ಲ.

ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಬಂದು ಪ್ಲಾಟಿನಂ ಮೇಲೆ ಕೂರುತ್ತೆ. ಪಕ್ಕದಲ್ಲಿ ಆಮ್ಲಜನಕದ ಅಣು ಬಂದು ಕೂತು ಎರಡು ಪರಮಾಣುಗಳಾಗಿ ಒಡೆಯುತ್ತೆ. ಎರಡೂ ಅಲ್ಲೇ ಕೂಡಿಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತೆ. ಜಗಲಿ ಮತ್ತೆ ಖಾಲಿ, ಮುಂದಿನ ಜೋಡಿಗೆ ಜಾಗ. ಲೋಹದ ಮೇಲ್ಮೈಯಲ್ಲಿ ಇಂಥ ಕ್ರಿಯೆಗಳು ಹೇಗೆ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತವೆ ಅಂತ ಬಿಡಿಸಿಟ್ಟ ಜರ್ಮನಿಯ ಗೆರ್‌ಹಾರ್ಡ್ ಎರ್ಟ್ಲ್‌ಗೆ 2007ರಲ್ಲಿ ನೊಬೆಲ್ ಬಂತು.

ಮೂರು ವಿಷಕ್ಕೆ ಒಂದೇ ಜೇನುಗೂಡು

ಕ್ಯಾಟ್ ಕಾನ್ ಬಿಚ್ಚಿದರೆ ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕಿಂಡಿಗಳು ಕಾಣುತ್ತವೆ. ಕಾರುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್, ಬೈಕುಗಳಲ್ಲಿ ಹೆಚ್ಚಾಗಿ ಲೋಹದ ತಗಡು. ಅದರ ಮೇಲೆ ಅಲ್ಯುಮಿನಾ ಮತ್ತು ಸೀರಿಯಾದ ಲೇಪ. ಆ ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಕಣಗಳು. ಒಂದು ಕಾರಿನಲ್ಲಿ ಎಲ್ಲ ಸೇರಿಸಿದರೂ ಕೆಲವೇ ಗ್ರಾಂ. ಸ್ಕೂಟರಿನಲ್ಲಿ ಇನ್ನೂ ಕಡಿಮೆ.

ಪ್ಲಾಟಿನಂ, ಪೆಲೇಡಿಯಂ ಸೇರಿ ಕಾರ್ಬನ್ ಮೊನಾಕ್ಸೈಡನ್ನೂ ಅರೆಬೆಂದ ಪೆಟ್ರೋಲ್ ಆವಿಯನ್ನೂ ಸುಟ್ಟುಹಾಕುತ್ತವೆ. ನೈಟ್ರೋಜನ್ ಆಕ್ಸೈಡ್‌ಗಳನ್ನು ಒಡೆದು ಮಾಮೂಲಿ ಸಾರಜನಕ ಮಾಡೋದು ಮುಖ್ಯವಾಗಿ ರೋಡಿಯಂ. ಬಿಸಿಯೇರಿದ ಒಳ್ಳೆಯ ಕನ್ವರ್ಟರ್ ಈ ಮೂರೂ ವಿಷಗಳಲ್ಲಿ ಶೇ 90ಕ್ಕೂ ಹೆಚ್ಚನ್ನು ಕಳೆಯಬಲ್ಲದು. ಆದರೆ ಗಾಡಿ ಸ್ಟಾರ್ಟ್ ಆದ ತಕ್ಷಣ ಅಲ್ಲ. ಇನ್ನೂರೈವತ್ತು, ಮುನ್ನೂರು ಡಿಗ್ರಿ ಬಿಸಿ ಹತ್ತಿದ ಮೇಲಷ್ಟೇ.

ಇನ್ನೊಂದು ಷರತ್ತಿದೆ. ಸೀಸ ಬೆರೆತ ಪೆಟ್ರೋಲ್ ಇದಕ್ಕೆ ವಿಷ. ಸೀಸವು ಲೋಹದ ಮೇಲ್ಮೈಯನ್ನು ಮುಚ್ಚಿಬಿಡುತ್ತೆ. ಹಾಗಾಗಿ ಅಮೆರಿಕದಲ್ಲಿ 1975ರ ಮಾಡೆಲ್ ಕಾರುಗಳಿಗೆ ಕನ್ವರ್ಟರ್ ಬಂದಾಗ ಅದರ ಜೊತೆಗೇ ಸೀಸರಹಿತ ಪೆಟ್ರೋಲೂ ಬರಲೇಬೇಕಾಯಿತು. ನಮ್ಮಲ್ಲಿ 1995ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. 2000ದ ಹೊತ್ತಿಗೆ ದೇಶದ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಮಕ್ಕಳ ಮಿದುಳಿಗೆ ಕೇಡು ಮಾಡುತ್ತಿದ್ದ ಸೀಸ ಬಂಕ್‌ನಿಂದ ಜಾಗ ಖಾಲಿ ಮಾಡಿದ್ದರಲ್ಲಿ ಈ ಲೋಹಗಳ ಪಾಲೂ ಇದೆ.

ಗ್ಯಾರೇಜ್ ಆಚೆಗೂ ಇದೆ ಕೆಲಸ

* ಗೊಬ್ಬರ, ಸ್ಫೋಟಕ: ನೈಟ್ರಿಕ್ ಆಮ್ಲ ತಯಾರಿಸಲು ಅಮೋನಿಯಾ ಮತ್ತು ಗಾಳಿಯನ್ನು ಪ್ಲಾಟಿನಂ-ರೋಡಿಯಂ ತಂತಿಯ ಬಲೆಯ ಮೂಲಕ ಹಾಯಿಸುತ್ತಾರೆ. ಕೆಂಪಗೆ ಕಾದ ಆ ಬಲೆಯಿಂದ ಚೂರುಪಾರು ಪ್ಲಾಟಿನಂ ಆವಿಯಾಗಿ ಹೋಗುತ್ತೆ. ಅದನ್ನೂ ಬಿಡದೆ ಹಿಡಿಯಲು ಕೆಳಗೆ ಪೆಲೇಡಿಯಂ ಬಲೆ!
* ಕ್ಯಾನ್ಸರ್ ಔಷಧ: 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹಾಯಿಸಿ ನೋಡುತ್ತಿದ್ದರು. ಅವು ಎರಡಾಗಿ ಒಡೆಯುವುದನ್ನೇ ನಿಲ್ಲಿಸಿ ದಾರದಂತೆ ಉದ್ದ ಬೆಳೆದವು. ಕಾರಣ ವಿದ್ಯುತ್ ಅಲ್ಲ, ಎಲೆಕ್ಟ್ರೋಡ್‌ನಿಂದ ಕರಗಿ ಬಂದ ಪ್ಲಾಟಿನಂ. ಹೀಗೆ ಸಿಕ್ಕಿದ್ದೇ ಸಿಸ್‌ಪ್ಲಾಟಿನ್. 1978ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇಂದಿಗೂ ಕಿಮೋಥೆರಪಿಯಲ್ಲಿ ಬಳಕೆಯಲ್ಲಿದೆ.
* ಡೇಟಾ: ಹಾರ್ಡ್ ಡಿಸ್ಕಿನಲ್ಲಿ ಮಾಹಿತಿಯನ್ನು ಒತ್ತೊತ್ತಾಗಿ ತುಂಬಲು ರುಥೇನಿಯಂನ ಅತಿ ತೆಳು ಪದರ ಬಳಸುತ್ತಾರೆ.
* ಹಸಿರು ಹೈಡ್ರೋಜನ್: ನೀರನ್ನು ಒಡೆದು ಹೈಡ್ರೋಜನ್ ಮಾಡುವ ಒಂದು ಬಗೆಯ ಯಂತ್ರಕ್ಕೆ ಇರಿಡಿಯಂ ಬೇಕೇ ಬೇಕು. ಜಗತ್ತಿನ ಗಣಿಗಳಿಂದ ವರ್ಷಕ್ಕೆ ಬರುವ ಇರಿಡಿಯಂ ಹತ್ತು ಟನ್ನಿಗೂ ಕಡಿಮೆ.

ಎಲೆಕ್ಟ್ರಿಕ್ ಕಾರು ಬಂದರೆ ಈ ಲೋಹಗಳ ಕಥೆ ಮುಗೀತು ಅನ್ನುವವರಿಗೆ ಈ ಪಟ್ಟಿಯೇ ಉತ್ತರ.

ಒಂದು ಟನ್ ಕಲ್ಲು, ನಾಲ್ಕೈದು ಗ್ರಾಂ ಲೋಹ

ಜಗತ್ತಿನ ಪ್ಲಾಟಿನಂನಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಬರೋದು ಒಂದೇ ದೇಶದಿಂದ: ದಕ್ಷಿಣ ಆಫ್ರಿಕಾ. ಅಲ್ಲಿನ ಬುಷ್‌ವೆಲ್ಡ್ ಎಂಬ ಶಿಲಾ ಪ್ರದೇಶದಲ್ಲಿ 1924ರಲ್ಲಿ ಹ್ಯಾನ್ಸ್ ಮೆರೆನ್ಸ್‌ಕಿ ಎಂಬ ಭೂವಿಜ್ಞಾನಿ ಈ ನಿಕ್ಷೇಪದ ಜಾಡು ಹಿಡಿದರು. ಪೆಲೇಡಿಯಂನ ದೊಡ್ಡ ಪಾಲು ರಷ್ಯಾದ ನೊರಿಲ್‌ಸ್ಕ್‌ನಿಂದ ಬರುತ್ತೆ. ಬುಷ್‌ವೆಲ್ಡ್‌ನಲ್ಲಿ ಒಂದು ಟನ್ ಅದಿರು ಅಗೆದರೆ ಸಿಗೋದು ನಾಲ್ಕೈದು ಗ್ರಾಂ. ಅಂದರೆ ನಿಮ್ಮ ಒಂದು ಕಾರಿನ ಕನ್ವರ್ಟರಿಗಾಗಿ ಯಾರೋ ನೆಲದಾಳದಲ್ಲಿ ಹೆಚ್ಚು ಕಡಿಮೆ ಒಂದು ಟನ್ ಬಂಡೆ ಕೊರೆದಿದ್ದಾರೆ ಅಂತ ಲೆಕ್ಕ.

ಆ ‘ಯಾರೋ’ ಯಾರು ಅಂತ ಜಗತ್ತು ನೋಡಿದ್ದು 2012ರ ಆಗಸ್ಟ್ 16ರಂದು. ಮರಿಕಾನಾ ಪ್ಲಾಟಿನಂ ಗಣಿಯಲ್ಲಿ ಬಂಡೆ ಕೊರೆಯುವ ಕಾರ್ಮಿಕರು ತಿಂಗಳಿಗೆ 12,500 ರ‍್ಯಾಂಡ್ ಸಂಬಳ ಕೇಳಿ ಮುಷ್ಕರ ಹೂಡಿದ್ದರು. ಪೊಲೀಸರ ಗುಂಡಿಗೆ ಆ ಒಂದೇ ದಿನ 34 ಮಂದಿ ಸತ್ತರು.

ಬೆಲೆಯೂ ಅಷ್ಟೇ ಏರಿಳಿತದ್ದು. 2016ರಲ್ಲಿ ರೋಡಿಯಂ ಔನ್ಸ್‌ಗೆ ಸಾವಿರ ಡಾಲರಿಗಿಂತ ಕಡಿಮೆ ಇತ್ತು. ಒಂದು ಔನ್ಸ್ ಅಂದರೆ 31 ಗ್ರಾಂ. 2021ರ ಮಾರ್ಚ್‌ನಲ್ಲಿ ಅದು 29,000 ಡಾಲರ್ ದಾಟಿತು. ಆಗ ಚಿನ್ನ ಇದ್ದದ್ದು 1,700ರ ಆಸುಪಾಸು. ಕಾರಣ ಸರಳ: ಹೊಗೆ ನಿಯಮಗಳು ಬಿಗಿಯಾದವು, ಪೂರೈಕೆ ಹೆಚ್ಚಲಿಲ್ಲ. ರೋಡಿಯಂ ಬರೋದು ಪ್ಲಾಟಿನಂ ಜೊತೆಗಿನ ಉಪಉತ್ಪನ್ನವಾಗಿ. ಅದೊಂದಕ್ಕಾಗಿ ಯಾರೂ ಗಣಿ ತೆರೆಯುವುದಿಲ್ಲ. ವಿದೇಶಗಳಲ್ಲಿ ನಿಂತ ಕಾರಿನಡಿ ನುಗ್ಗಿ ಕನ್ವರ್ಟರ್ ಕೊಯ್ದೊಯ್ಯುವ ಕಳ್ಳರು ಹೆಚ್ಚಿದ್ದೂ ಇದೇ ಕಾಲದಲ್ಲಿ.

ಬೆಂಗಳೂರಿನ ಪ್ರಯೋಗ, ಚನ್ನಗಿರಿಯ ಕಲ್ಲು

ಲೋಹ ಕಡಿಮೆ, ಬೇಡಿಕೆ ಜಾಸ್ತಿ. ಹಾಗಾದರೆ ಕಡಿಮೆ ಲೋಹದಲ್ಲೇ ಕೆಲಸ ಮಾಡಿಸಬಹುದಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್, ಕೆ.ಸಿ. ಪಾಟೀಲ್ ಮತ್ತು ಸಂಗಡಿಗರು ಹಿಡಿದದ್ದು ಇದೇ ಪ್ರಶ್ನೆಯನ್ನು. ಮಾಮೂಲಿ ಕನ್ವರ್ಟರಿನಲ್ಲಿ ಲೋಹ ಸಣ್ಣ ಉಂಡೆಗಳಂತಿರುತ್ತೆ. ಉಂಡೆಯ ಹೊರಮೈಯ ಪರಮಾಣುಗಳಿಗೆ ಮಾತ್ರ ಕೆಲಸ, ಒಳಗಿನವು ಸುಮ್ಮನೆ ಕೂತಿರುತ್ತವೆ. ಜೊತೆಗೆ ಬಿಸಿಗೆ ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ದಪ್ಪಗಾದರೆ ಮೇಲ್ಮೈ ಇನ್ನೂ ನಷ್ಟ.

ಈ ತಂಡ ಉಂಡೆಯನ್ನೇ ಕೈಬಿಟ್ಟಿತು. ಸೀರಿಯಾ ಹರಳಿನಲ್ಲಿ ಸೀರಿಯಂ ಕೂರುವ ಜಾಗಗಳಲ್ಲೇ ಶೇ 1–2ರಷ್ಟು ಕಡೆ ಪ್ಲಾಟಿನಂ ಅಥವಾ ಪೆಲೇಡಿಯಂ ಅಯಾನನ್ನು ಕೂರಿಸಿತು. ಪಂಕ್ತಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಎಲೆ ಹಾಕಿದಂತೆ, ಒಂದೊಂದು ಅಯಾನೂ ಬಿಡಿಬಿಡಿಯಾಗಿ ಕೆಲಸ ಮಾಡುತ್ತೆ. ಇದನ್ನು ತಯಾರಿಸೋದು ಪಾಟೀಲರು ಬೆಳೆಸಿದ ದ್ರಾವಣ ದಹನ ವಿಧಾನದಿಂದ. ಲೋಹದ ಲವಣ ಮತ್ತು ಇಂಧನ ಬೆರೆಸಿದ ದ್ರಾವಣವನ್ನು ಕುಲುಮೆಯಲ್ಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಧಗ್ಗನೆ ಉರಿದು ಪುಡಿಯಾಗುತ್ತೆ.

ನಮ್ಮ ನೆಲದಲ್ಲೂ ಈ ಲೋಹಗಳ ಸುಳಿವಿದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ಬಳಿಯ ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಂ ಬಳಗ ಇರುವುದನ್ನು ಭೂವಿಜ್ಞಾನಿಗಳು ದಾಖಲಿಸಿದ್ದಾರೆ. ಆದರೆ ಭಾರತದ ಸಂಪನ್ಮೂಲದ ದೊಡ್ಡ ಪಾಲು ಒಡಿಶಾದಲ್ಲಿದೆ, ಒಟ್ಟು ಲೆಕ್ಕವೂ ಟನ್ನುಗಳಲ್ಲಿ ಹತ್ತಿಪ್ಪತ್ತರ ಮಾತು. ಅದಕ್ಕೇ ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಈ ಬಳಗವೂ ಸೇರಿದೆ.

ಹಾಗಾದರೆ ನಾವೇನು ಮಾಡಬಹುದು?

ನಮ್ಮ ಹತ್ತಿರದ ‘ಪ್ಲಾಟಿನಂ ಗಣಿ’ ಇರೋದು ಗುಜರಿಯಲ್ಲಿ. ಒಂದು ಟನ್ ಹಳೆಯ ಕನ್ವರ್ಟರ್ ಸೆರಾಮಿಕ್‌ನಲ್ಲಿ, ಒಂದು ಟನ್ ಗಣಿ ಅದಿರಿಗಿಂತ ನೂರಾರು ಪಟ್ಟು ಹೆಚ್ಚು ಲೋಹ ಸಿಗಬಲ್ಲದು. ಖರ್ಚಾಗದ ದಲ್ಲಾಳಿಯನ್ನು ಕಸಕ್ಕೆ ಎಸೆಯೋದು ದಡ್ಡತನ ತಾನೇ?

* ಕ್ಯಾಟ್ ಕಾನ್ ತೆಗೆಸಬೇಡಿ. ಕಂಪನಿ ಕೊಟ್ಟ ಗಾಡಿಯನ್ನು ಹೀಗೆ ಬದಲಿಸೋದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ. ಸಿಗ್ನಲ್‌ನಲ್ಲಿ ಹಿಂದೆ ನಿಂತ ಸ್ಕೂಟರಿನಲ್ಲಿ ಅಪ್ಪನ ಮುಂದೆ ನಿಂತಿರುವ ಮಗುವಿನ ಮೂಗು, ನಿಮ್ಮ ಸೈಲೆನ್ಸರಿನ ಎತ್ತರದಿಂದ ತುಂಬಾ ದೂರವೇನಿಲ್ಲ.
* ಎಮಿಷನ್ ಟೆಸ್ಟ್ ಪಾಸಾಯ್ತು ಅಂತ ನಿಶ್ಚಿಂತರಾಗಬೇಡಿ. ಪೆಟ್ರೋಲ್ ಗಾಡಿಯ ಮಾಮೂಲಿ ಹೊಗೆ ತಪಾಸಣೆ ನೋಡೋದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ರೋಡಿಯಂ ಕಳೆಯುವ ನೈಟ್ರೋಜನ್ ಆಕ್ಸೈಡ್ ಅದರ ಲೆಕ್ಕದಲ್ಲಿಲ್ಲ.
* ಮಿಸ್‌ಫೈರ್ ಆಗುತ್ತಿದ್ದರೆ ತಡ ಮಾಡಬೇಡಿ. ಸುಡದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿದರೆ ಜೇನುಗೂಡೇ ಕರಗಬಹುದು. ಎಂಜಿನ್ ಆಯಿಲ್ ಸುಡುತ್ತಿದ್ದರೂ ಅದರ ಆಯುಸ್ಸು ಕಡಿಮೆಯಾಗುತ್ತೆ.
* ಹಳೆಯ ಗಾಡಿಯನ್ನು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ. ಕನ್ವರ್ಟರ್ ಬದಲಿಸಿದರೆ ಹಳೆಯದು ಎಲ್ಲಿಗೆ ಹೋಗುತ್ತೆ ಅಂತ ಒಂದು ಮಾತು ಕೇಳಿ.

ಮುಂದಿನ ಸಲ ಗ್ರೂಪಿನಲ್ಲಿ ಯಾರಾದರೂ “ತೆಗೆಸಿಬಿಡು ಮಗಾ” ಅಂದರೆ, ಈ ಲೇಖನದ ಲಿಂಕ್ ಕಳಿಸಿಬಿಡಿ!